ಎಂಜಿನ್ ಬದಲಾಯಿತು, ಮುಳ್ಳು ಹಳೆಯದೇ ಉಳಿಯಿತು: ಒಂದು ಪಿಕಪ್ ವಾಹನದ ಪ್ರಕರಣ ಅಧ್ಯಯನ

2017ರ ಸೆಪ್ಟೆಂಬರ್ ಮೊದಲ ವಾರ, ಮಧ್ಯಾಹ್ನದ ಹೊತ್ತು. ಚಿತ್ರದುರ್ಗ ದಾಟಿ ಹಿರಿಯೂರಿನ ಕಡೆಗೆ ಹೊರಟಿದ್ದ ಹಳೆಯ ಪಿಕಪ್ ವಾಹನವೊಂದು ಹೆದ್ದಾರಿಯ ಅಂಚಿನಲ್ಲಿ ನಿಂತುಬಿಟ್ಟಿತು. ಹಿಂದೆ ಇಪ್ಪತ್ತನಾಲ್ಕು ಚೀಲ ಈರುಳ್ಳಿ. ಬಾನೆಟ್ಟಿನ ಸಂದಿಯಿಂದ ಆವಿ ಏಳುತ್ತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಉಷ್ಣತೆ ತೋರಿಸುವ ಮುಳ್ಳು ಮಾತ್ರ ಅರ್ಧದಲ್ಲಿ ಅಲುಗದೆ ನಿಂತಿತ್ತು. ಎರಡು ತಿಂಗಳ ಹಿಂದಷ್ಟೇ ಆ ವಾಹನಕ್ಕೆ ಬೇರೆ ಎಂಜಿನ್ ಕೂರಿಸಿದ್ದೆವು. ಕೂರಿಸಿದವರಲ್ಲಿ ನಾನೂ ಒಬ್ಬ.

ನಾನು ದಾವಣಗೆರೆಯಲ್ಲಿ ಡೀಸೆಲ್ ಮೆಕ್ಯಾನಿಕ್ ತರಬೇತಿಯ ಹುಡುಗರಿಗೆ ಪಾಠ ಹೇಳುವವನು. ಈ ಪ್ರಕರಣವನ್ನು ತರಗತಿಯಲ್ಲಿ ಹಲವು ಬಾರಿ ವಿವರಿಸಿದ್ದೇನೆ. ಎಂಜಿನ್ ಬದಲಾಯಿಸುವ ಆಲೋಚನೆ ನಮ್ಮ ಜಿಲ್ಲೆಗಳ ರೈತರಲ್ಲಿ, ಬಾಡಿಗೆ ವಾಹನದವರಲ್ಲಿ ಆಗಾಗ ಹುಟ್ಟುವುದರಿಂದ ಬರೆದಿಡುವುದು ಒಳ್ಳೆಯದೆನಿಸಿತು. ವಾಹನದ ಮಾಲೀಕರನ್ನು ಯಜಮಾನರು ಎಂದೂ ಗ್ಯಾರೇಜಿನವರನ್ನು ಮೇಸ್ತ್ರಿ ಎಂದೂ ಕರೆದಿದ್ದೇನೆ. ಗುರುತು ಸಿಗುವಂತಹ ವಿವರಗಳನ್ನು ಬಿಟ್ಟಿದ್ದೇನೆ.

ಹಿನ್ನೆಲೆ

ಯಜಮಾನರದು ಭರಮಸಾಗರದ ಕಡೆಯ ಹಳ್ಳಿ. ಸ್ವಂತ ಜಮೀನಿನಲ್ಲಿ ಈರುಳ್ಳಿ, ಮೆಕ್ಕೆಜೋಳ. ಊರಿನ ಉಳಿದವರ ಮಾಲನ್ನೂ ದಾವಣಗೆರೆ, ಚಿತ್ರದುರ್ಗದ ಮಾರುಕಟ್ಟೆಗೆ ಒಯ್ಯುತ್ತಿದ್ದರು. ಈರುಳ್ಳಿ ಕಾಲದಲ್ಲಿ ಬೆಂಗಳೂರಿನ ಯಶವಂತಪುರದವರೆಗೂ ಹೋಗುವುದಿತ್ತು. ವಾಹನ 2001ರ ಮಾದರಿ, ನೋಂದಣಿ ಕೆಎ-16. ಅದರಲ್ಲಿದ್ದದ್ದು ಪೆಜೋ ಪರವಾನಗಿಯ 2498 ಸಿಸಿ ಡೀಸೆಲ್ ಎಂಜಿನ್. ನಮ್ಮ ಕಡೆ ಎಲ್ಲರೂ ಅದನ್ನು ‘ಪೆಜೋ ಎಂಜಿನ್’ ಎಂದೇ ಕರೆಯುತ್ತಾರೆ. ಡೀಸೆಲ್ಲನ್ನು ನೇರವಾಗಿ ಪಿಸ್ಟನ್ ಮೇಲೆ ಚಿಮ್ಮಿಸದೆ, ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡಿನೊಳಗಿನ ಪುಟ್ಟ ಕೋಣೆಯೊಂದಕ್ಕೆ ಮೊದಲು ಚಿಮ್ಮಿಸಿ ಹೊತ್ತಿಸುವ ಬಗೆಯದು. ನಯವಾಗಿ ಓಡುತ್ತದೆ, ಸದ್ದು ಕಡಿಮೆ. ಆದರೆ ಆ ಕೋಣೆಯ ಗೋಡೆಗಳು ಶಾಖವನ್ನು ನುಂಗುವುದರಿಂದ ಡೀಸೆಲ್ ಹೆಚ್ಚು ಬೇಡುತ್ತದೆ, ಬೆಳಗಿನ ಚಳಿಯಲ್ಲಿ ಹೀಟರ್ ಪ್ಲಗ್ ಇಲ್ಲದೆ ಹೊತ್ತಿಕೊಳ್ಳುವುದಿಲ್ಲ.

ಹದಿನಾರು ವರ್ಷ ದುಡಿದ ಎಂಜಿನ್ ಅದು. ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿಸುವ ದಂಡವಾದ ಕ್ರ್ಯಾಂಕನ್ನು ಸವೆದಾಗ ಎರಡು ಬಾರಿ ಗ್ರೈಂಡ್ ಮಾಡಿಸಿಯಾಗಿತ್ತು. ಹೆಡ್ಡಿನಲ್ಲಿ ಬಿರುಕು ಬಿಟ್ಟು ಬೆಸುಗೆ ಹಾಕಿದ ಗುರುತಿತ್ತು. ಆಯಿಲ್ ಸುರಿಯುವ ಬಾಯಿಯ ಮುಚ್ಚಳ ತೆಗೆದರೆ ಒಲೆಯ ಹೊಗೆಯಂತೆ ಹೊಗೆ ಬರುತ್ತಿತ್ತು. ಲೀಟರಿಗೆ ಒಂಬತ್ತು ಕಿಲೋಮೀಟರ್ ಸಿಕ್ಕರೆ ಹೆಚ್ಚು.

ಮುಂದಿದ್ದ ದಾರಿಗಳು

ಅದೇ ಎಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟುವುದಕ್ಕೆ ಮೇಸ್ತ್ರಿ 72,000 ರೂಪಾಯಿ ಹೇಳಿದರು. ಮೂರನೇ ಬಾರಿ ಗ್ರೈಂಡ್ ಮಾಡಿದ ಕ್ರ್ಯಾಂಕ್ ಎಷ್ಟು ದಿನ ಬಾಳುತ್ತದೆ ಎಂಬ ಮಾತು ಕೊಡಲು ಅವರು ಒಪ್ಪಲಿಲ್ಲ. ಆ ಪ್ರಾಮಾಣಿಕತೆಗಾಗಿ ಅವರ ಮೇಲೆ ನನಗೆ ಗೌರವ. ಯಜಮಾನರ ಮಗನಿಗೆ ಕಂಪ್ಯೂಟರಿನ ಹಿಡಿತದಲ್ಲಿ ಡೀಸೆಲ್ ಚಿಮ್ಮಿಸುವ ಕಾಮನ್ ರೇಲ್ ಎಂಜಿನ್ ಬೇಕಾಗಿತ್ತು. “ಅಪ್ಪಾಜಿ, ಹಾಕುವುದಾದರೆ ಅದನ್ನೇ ಹಾಕಿಸೋಣ, ಎಳೆತ ನೋಡಿ” ಎಂದು ಒತ್ತಾಯಿಸಿದ. ಅದನ್ನು ಬೇಡವೆಂದವನು ನಾನು. ಕಾಮನ್ ರೇಲ್ ಎಂಜಿನ್ ಒಂಟಿಯಾಗಿ ಬರುವುದಿಲ್ಲ. ಅದರ ಕಂಪ್ಯೂಟರ್, ತಂತಿಗಳ ಕಟ್ಟು, ಹತ್ತಾರು ಸೆನ್ಸರ್, ಎಕ್ಸಲರೇಟರ್ ಪೆಡಲ್, ಕೀಲಿಯ ಗುರುತು ಎಲ್ಲವೂ ಜೊತೆಯಲ್ಲೇ ಬರಬೇಕು. ಒಂದು ಸೆನ್ಸರ್ ಮುನಿದರೂ ಹೊಲದ ಬದುವಿನಲ್ಲಿ ನಿಂತ ವಾಹನವನ್ನು ಸ್ಪ್ಯಾನರ್ ಹಿಡಿದವನು ಎಬ್ಬಿಸಲಾರ.

ಕೊನೆಗೆ ಆರಿಸಿಕೊಂಡದ್ದು ವಾಹನದ ತಯಾರಕರದೇ 2523 ಸಿಸಿ ಡಿಐ ಟರ್ಬೊ ಎಂಜಿನ್. ಡಿಐ ಎಂದರೆ ಡೀಸೆಲ್ ನೇರವಾಗಿ ಪಿಸ್ಟನ್ ಮೇಲಿನ ಗುಳಿಗೆ ಚಿಮ್ಮುವ ಬಗೆ. ಟರ್ಬೊ ಎಂದರೆ ಹೊರಬೀಳುವ ಹೊಗೆಯ ಬಲದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ. ಪಂಪು ಮೆಕ್ಯಾನಿಕಲ್, ಪಂಪ್-ನಾಜಲ್ ಅಂಗಡಿಯವರಿಗೆ ಅದರ ಒಳಹೊರಗೆಲ್ಲ ಗೊತ್ತು. ಬಿಡಿಭಾಗ ಸಣ್ಣ ಪಟ್ಟಣದಲ್ಲೂ ಸಿಗುತ್ತದೆ. ನೇರ ಚಿಮ್ಮುವಿಕೆಯ ಎಂಜಿನ್ ಕೋಣೆಯ ಬಗೆಯದಕ್ಕಿಂತ ಸಾಮಾನ್ಯವಾಗಿ ನೂರಕ್ಕೆ ಹದಿನೈದರಿಂದ ಇಪ್ಪತ್ತರಷ್ಟು ಡೀಸೆಲ್ ಉಳಿಸುತ್ತದೆ. ಯಜಮಾನರ ಮನಸ್ಸಿನಲ್ಲಿ ಲೀಟರಿಗೆ ಹನ್ನೆರಡು ಎಂದಿತ್ತು. ಹತ್ತೂವರೆಯ ಮೇಲೆ ಲೆಕ್ಕ ಹಾಕಬೇಡಿ ಎಂದೆ. “ಅಷ್ಟೇನಾ ಮೇಷ್ಟ್ರೇ?” ಎಂದು ಕೇಳಿ ಸುಮ್ಮನಾದರು.

ಮೊದಲ ಕವಲು: ನಂಬರ್ ಇಲ್ಲದ ಎಂಜಿನ್

ಗುಜರಿಯಲ್ಲಿ ಮೊದಲು ಸಿಕ್ಕ ಎಂಜಿನ್ನಿಗೆ 38,000 ಹೇಳಿದರು. ಕೈಯಲ್ಲಿ ತಿರುಗಿಸಿದರೆ ಕಂಪ್ರೆಷನ್ ಗಟ್ಟಿಯಾಗಿತ್ತು, ಟರ್ಬೊ ಶಾಫ್ಟಿನಲ್ಲಿ ಆಟವಿರಲಿಲ್ಲ. ಆದರೆ ಬ್ಲಾಕಿನ ಮೇಲೆ ನಂಬರ್ ಇರಬೇಕಾದ ಜಾಗ ಅರ ಹಿಡಿದಂತೆ ನುಣುಪಾಗಿತ್ತು. ಬಿಲ್ ಕೊಡುವುದಿಲ್ಲ ಎಂದರು. ಯಜಮಾನರು ಅರ್ಧ ದಿನ ತೂಗಿ ನೋಡಿದರು. ಕೊನೆಗೆ ಕೊಂಡದ್ದರ ಎದುರು ಇಪ್ಪತ್ತಾರು ಸಾವಿರದ ಉಳಿತಾಯ ರೈತನಿಗೆ ಸಣ್ಣದಲ್ಲ. ಅವರ ಮನಸ್ಸನ್ನು ತಿರುಗಿಸಿದ್ದು ಹೆಂಡತಿ ಎಂದು ಆಮೇಲೆ ತಿಳಿಯಿತು. ಕಳವಿನ ವಾಹನದ ಎಂಜಿನ್ ಎಂದು ನಾಳೆ ಪೊಲೀಸರು ಮನೆ ಬಾಗಿಲಿಗೆ ಬಂದರೆ ಈರುಳ್ಳಿ ಕೀಳುವವರು ಯಾರು ಎಂದು ಆಕೆ ಕೇಳಿದ್ದರಂತೆ.

ಎರಡನೆಯದು ಅಪಘಾತದಲ್ಲಿ ಜಜ್ಜಿಹೋದ ವಾಹನದ್ದು. ಎಂಜಿನ್ ನಂಬರ್ ಬರೆದ ಬಿಲ್ ಇತ್ತು, ಆ ವಾಹನದ ನೋಂದಣಿ ರದ್ದಾದ ಪತ್ರದ ಪ್ರತಿಯೂ ಇತ್ತು. ಗೇರ್‌ಬಾಕ್ಸ್ ಸೇರಿ 64,000.

ಹಳೆಯ ಎಂಜಿನ್ನನ್ನು ಎತ್ತಿ ತೆಗೆಯಲು ಚೇನ್ ಪುಲ್ಲಿ ಕಟ್ಟುವ ಮುನ್ನ ಆರ್‌ಟಿಒ ಕಚೇರಿಗೆ ಹೋಗಿ ಬರೋಣ ಎಂದು ಹಟ ಹಿಡಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಎಂಜಿನ್ ಬದಲಾದರೆ ಹದಿನಾಲ್ಕು ದಿನಗಳೊಳಗೆ ವರದಿ ಮಾಡಬೇಕು. ಇನ್ಸ್‌ಪೆಕ್ಟರ್ ಕೇಳಿದ ಮೊದಲ ಪ್ರಶ್ನೆಯೇ, ಈ ಮಾದರಿಯ ವಾಹನಕ್ಕೆ ಈ ಎಂಜಿನ್ನನ್ನು ತಯಾರಕರೇ ಎಂದಾದರೂ ಹಾಕಿದ್ದರೇ ಎಂಬುದು. ನಂತರದ ವರ್ಷಗಳ ಮಾದರಿಯಲ್ಲಿ ಹಾಕಿದ್ದರು. ಅರ್ಜಿ ಮುಂದೆ ಸರಿದದ್ದು ಆ ಒಂದು ಕಾರಣದಿಂದ. ಮಗ ಬಯಸಿದ್ದ ಎಂಜಿನ್ನಾಗಿದ್ದರೆ ಆ ಮೇಜಿನ ಮೇಲೇ ನಿಂತುಹೋಗುತ್ತಿತ್ತು ಎಂಬುದು ನನ್ನ ಅಂದಾಜು. ಪರಿಶೀಲನೆ ಮುಗಿದು ಹೊಸ ನಂಬರ್ ಆರ್‌ಸಿಯಲ್ಲಿ ಬರಲು ಏಳು ವಾರ ಹಿಡಿಯಿತು. ಅಲ್ಲಿಯವರೆಗೆ ಬಾಡಿಗೆಗೆ ಹೋಗಲಿಲ್ಲ. ವಿಮೆಯ ಪಾಲಿಸಿಯಲ್ಲೂ ನಂಬರ್ ತಿದ್ದಿಸಿದೆವು. ಇದನ್ನು ಮರೆಯುವವರೇ ಹೆಚ್ಚು.

ಎರಡನೆಯ ಕವಲು: ಗೇರ್‌ಬಾಕ್ಸ್

ಹಳೆಯ ಗೇರ್‌ಬಾಕ್ಸ್ ಚೆನ್ನಾಗಿಯೇ ಇತ್ತು. ಲೇತ್ ಅಂಗಡಿಯವರು ದಪ್ಪ ಉಕ್ಕಿನ ತಟ್ಟೆಯೊಂದನ್ನು ಕೊರೆದು ಹೊಸ ಎಂಜಿನ್ನಿಗೆ ಜೋಡಿಸಿಕೊಡುತ್ತೇನೆ, ಹದಿನೈದು ಸಾವಿರವಾದರೂ ಉಳಿಯುತ್ತದೆ ಎಂದರು. ಕೈಚಳಕದಲ್ಲಿ ಅವರನ್ನು ಮೀರಿಸುವವರು ಊರಲ್ಲಿ ಕಡಿಮೆ. ಆದರೂ ಕ್ರ್ಯಾಂಕಿನ ನಡುಬಿಂದು ಮತ್ತು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ನಡುಬಿಂದು ಕೂದಲೆಳೆಯಷ್ಟು ತಪ್ಪಿದರೂ ಪೈಲಟ್ ಬೇರಿಂಗ್ ಮತ್ತು ಕ್ಲಚ್ ಪ್ಲೇಟ್ ಕೆಲವೇ ತಿಂಗಳಲ್ಲಿ ಹೋಗುತ್ತವೆ. ಎಂಜಿನ್ನಿನ ಜೊತೆ ಹುಟ್ಟಿದ ಗೇರ್‌ಬಾಕ್ಸ್ ಸಿಗುತ್ತಿರುವಾಗ ಆ ಅಪಾಯ ಏಕೆ?

ಇನ್ನೊಂದು ಲೆಕ್ಕವೂ ಇತ್ತು. ಈ ಅಧ್ಯಯನದಲ್ಲಿ ಇದು ನನಗೆ ಬಹಳ ಇಷ್ಟವಾದ ಭಾಗ. ಹಿಂಚಕ್ರಗಳ ನಡುವಿನ ಹಲ್ಲುಚಕ್ರಗಳ ಪೆಟ್ಟಿಗೆಯಾದ ಡಿಫರೆನ್ಷಿಯಲ್ ಬಿಚ್ಚಿ ಹಲ್ಲು ಎಣಿಸಿದೆವು: ದೊಡ್ಡ ಚಕ್ರ ಕ್ರೌನ್‌ಗೆ 43, ಚಿಕ್ಕದಾದ ಪಿನಿಯನ್‌ಗೆ 8. ಅಂದರೆ ಚಕ್ರ ಒಂದು ಸುತ್ತು ತಿರುಗಲು ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬರುವ ಜಾಯಿಂಟ್ ಶಾಫ್ಟ್ ಐದೂಕಾಲಿಗಿಂತ ತುಸು ಹೆಚ್ಚು, 5.375 ಸುತ್ತು ತಿರುಗಬೇಕು. ಟೈರಿಗೆ ಸೀಮೆಸುಣ್ಣದ ಗೆರೆ ಎಳೆದು ವಾಹನವನ್ನು ಒಂದು ಸುತ್ತು ಉರುಳಿಸಿ ಅಳೆದರೆ 2.35 ಮೀಟರ್. ಪೆಜೋ ಎಂಜಿನ್ ನಿಮಿಷಕ್ಕೆ 4000 ಸುತ್ತಿನವರೆಗೆ ಏರಬಲ್ಲದು. ಡಿಐ ಎಂಜಿನ್ ಅಷ್ಟು ಏರುವುದಿಲ್ಲ, 3200ರ ಆಚೆ ದುಡಿಸುವುದು ಜಾಣತನವಲ್ಲ. ಎಂಜಿನ್ನೂ ಶಾಫ್ಟೂ ಒಂದೇ ವೇಗದಲ್ಲಿ ತಿರುಗುವ ನೇರ ಗೇರಿನಲ್ಲಿ ಈ ಡಿಫರೆನ್ಷಿಯಲ್ ಜೊತೆ ಮೊದಲನೆಯದು ಗಂಟೆಗೆ 105 ಕಿಲೋಮೀಟರ್ ಮುಟ್ಟಬಲ್ಲದು, ಎರಡನೆಯದು 84ಕ್ಕೇ ಸುಸ್ತಾಗುತ್ತದೆ. ಹೆಚ್ಚು ಶಕ್ತಿಯ ಎಂಜಿನ್ ಹಾಕಿಸಿಕೊಂಡು ವಾಹನ ಮೊದಲಿಗಿಂತ ನಿಧಾನವಾಯಿತು ಎಂದು ಗೋಳಾಡುವವರ ಕಷ್ಟ ಇರುವುದು ಇಲ್ಲೇ.

ಹೊಸ ಗೇರ್‌ಬಾಕ್ಸಿಗೆ ಐದನೇ ಗೇರ್ ಇತ್ತು. ಇನ್‌ಪುಟ್ ಶಾಫ್ಟನ್ನು ಕೈಯಲ್ಲಿ 17 ಸುತ್ತು ತಿರುಗಿಸಿದರೆ ಹಿಂದಿನ ತುದಿ 20 ಸುತ್ತು ತಿರುಗಿತು. ಗಂಟೆಗೆ 65ರ ಓಟದಲ್ಲಿ ಎಂಜಿನ್ ಸುಮಾರು 2500 ಸುತ್ತು ತಿರುಗಬೇಕಿದ್ದ ಕಡೆ 2100 ಸಾಕು. ಡಿಫರೆನ್ಷಿಯಲ್ ಮುಟ್ಟುವ ಅಗತ್ಯವೇ ಉಳಿಯಲಿಲ್ಲ. ಭಾರ ಹೊತ್ತು ಹೊಲದ ದಾರಿ ಏರಲು ಆ ಗಿಡ್ಡ ಹಲ್ಲಿನ ಬಲವೂ ಉಳಿಯಿತು.

ಕೂರಿಸುವ ಕೆಲಸ

ಜೂನ್ ಕೊನೆಯಲ್ಲಿ ಶುರುವಾಗಿ ಹನ್ನೆರಡು ದಿನ ನಡೆಯಿತು. ಗೇರ್‌ಬಾಕ್ಸ್ ಉದ್ದವಾದ್ದರಿಂದ ಛಾಸಿಯ ಅಡ್ಡಪಟ್ಟಿಯನ್ನು ಹಿಂದಕ್ಕೆ ಸರಿಸಿ, ಜಾಯಿಂಟ್ ಶಾಫ್ಟನ್ನು ಆರು ಸೆಂಟಿಮೀಟರ್ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕಾಯಿತು. ಮೊದಲ ಓಟದಲ್ಲಿ ನಲವತ್ತರ ವೇಗಕ್ಕೆ ನೆಲ ನಡುಗಿತು. ಶಾಫ್ಟಿನ ಎರಡೂ ತುದಿಯ ಕೋನ ಒಂದೇ ಇರಬೇಕು, ಇರಲಿಲ್ಲ. ಅಡ್ಡಪಟ್ಟಿಯ ಕೆಳಗೆ ತಗಡು ಕೊಟ್ಟು ಸರಿಪಡಿಸಿದೆವು.

ಬ್ರೇಕ್ ವಿಷಯ ಇದಕ್ಕಿಂತ ಗಂಭೀರ. ಹಳೆಯ ಆಲ್ಟರ್ನೇಟರಿನ ತಂತಿ ಸಲೀಸಾಗಿ ಹೊಂದುತ್ತದೆಂದು ಎಲೆಕ್ಟ್ರಿಷಿಯನ್ ಅದನ್ನೇ ಹೊಸ ಎಂಜಿನ್ನಿಗೆ ಕಟ್ಟಿದ್ದರು. ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪು ಹೊಸ ಎಂಜಿನ್ನಿನಲ್ಲಿ ಅದರದೇ ಆಲ್ಟರ್ನೇಟರಿನ ಬೆನ್ನಿಗಿತ್ತು. ಅಂಗಳದಲ್ಲೇ ವಾಹನ ಹಿಂದಕ್ಕೆ ತೆಗೆದ ಮೇಸ್ತ್ರಿಯ ಕಾಲಿಗೆ ಪೆಡಲ್ ಕಲ್ಲಿನಂತೆ ಸಿಕ್ಕಿತು. ಅಂಗಳದಲ್ಲೇ ಗೊತ್ತಾದದ್ದು ನಮ್ಮ ಪುಣ್ಯ. ಆಗಲೇ ನಮಗೆ ಎಚ್ಚರವಾಗಬೇಕಿತ್ತು. ತಪ್ಪು ನಡೆದದ್ದು ಎಂಜಿನ್ ಕೆಲಸದಲ್ಲೂ ಅಲ್ಲ, ತಂತಿಯ ಕೆಲಸದಲ್ಲೂ ಅಲ್ಲ, ಎರಡರ ನಡುವೆ. ಎಲೆಕ್ಟ್ರಿಷಿಯನ್ನಿಗೆ ಅದು ಕರೆಂಟ್ ಕೊಡುವ ಯಂತ್ರ, ಮೇಸ್ತ್ರಿಗೆ ಅದು ಎಲೆಕ್ಟ್ರಿಷಿಯನ್ನಿನ ಸಾಮಾನು. ಈ ಮಾತನ್ನು ನಾನು ಅಂದು ಪುಸ್ತಕದಲ್ಲಿ ಬರೆದುಕೊಂಡೆ. ಆದರೆ ಇಂತಹ ನಡುವಿನ ಜಾಗ ಇನ್ನೆಲ್ಲಿವೆ ಎಂದು ಹುಡುಕಲು ಕೂರಲಿಲ್ಲ.

ಖಾಲಿ ವಾಹನವನ್ನು ಆನಗೋಡಿನವರೆಗೆ ಓಡಿಸಿ ಬಂದೆವು. ಮಗನ ಮುಖ ಅರಳಿತ್ತು. ಮುಳ್ಳು ಕಾಲುಭಾಗದ ಸ್ವಲ್ಪ ಮೇಲೆ ನಿಂತಿತ್ತು. “ತಂಪಾಗಿದೆ ತಮ್ಮಾ, ಇನ್ನೇನು ಬೇಕು” ಎಂದರು ಮೇಸ್ತ್ರಿ. ನಾನೂ ತಲೆದೂಗಿದೆ.

ಹೆದ್ದಾರಿಯಲ್ಲಿ ನಡೆದದ್ದು

ಆರ್‌ಸಿ ಕೈಸೇರಿದ ಮರುವಾರ ಮಗ ಯಶವಂತಪುರಕ್ಕೆ ಹೊರಟ. 1,200 ಕೆಜಿ ಮಾಲು. ಚಿತ್ರದುರ್ಗ ದಾಟಿದ ಮೇಲೆ ಏರು ದಾರಿಯಲ್ಲಿ ಎಳೆತ ಕುಗ್ಗಿತು. ಮುಳ್ಳು ಅರ್ಧದಲ್ಲಿತ್ತು, ಆದ್ದರಿಂದ ಡೀಸೆಲ್ ಫಿಲ್ಟರ್ ಕಟ್ಟಿರಬಹುದೆಂದು ಭಾವಿಸಿ ಇನ್ನಷ್ಟು ತುಳಿದ. ಸುಟ್ಟ ವಾಸನೆ ಬಂದಾಗ ನಿಲ್ಲಿಸಿದ. ಒಂದು ಗಂಟೆ ಕಾದು, ನೀರು ತುಂಬಿ, ನಿಧಾನವಾಗಿ ಮತ್ತೆ ಹೊರಟ. ಮುಳ್ಳು ಈಗಲೂ ಅರ್ಧವನ್ನೇ ಹೇಳುತ್ತಿತ್ತು. ಎಂಟು ಕಿಲೋಮೀಟರ್ ಕಳೆಯುವಷ್ಟರಲ್ಲಿ ಬಿಳಿ ಹೊಗೆ ಬಂತು, ಆಯಿಲ್ ಕಡ್ಡಿಗೆ ಮಜ್ಜಿಗೆಯಂತಹ ನೊರೆ ಹತ್ತಿತು. ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲಾದ ಹೆಡ್ ಗ್ಯಾಸ್ಕೆಟ್ ಹೋಗಿತ್ತು.

ಹುಡುಗನನ್ನು ಮೇಸ್ತ್ರಿ ಬೈದರು. ಅದು ನ್ಯಾಯವಲ್ಲ ಎಂದು ನಾನು ಅಂದೇ ಹೇಳಿದೆ. ಕಣ್ಣೆದುರಿನ ಮುಳ್ಳನ್ನು ನಂಬಿದವನದು ತಪ್ಪಾದರೆ, ಆ ಮುಳ್ಳನ್ನು ಪರೀಕ್ಷಿಸದೆ ಕೊಟ್ಟ ನಮ್ಮದು ಅದಕ್ಕಿಂತ ದೊಡ್ಡ ತಪ್ಪು.

ಬಿಚ್ಚಿದಾಗ ಹೆಡ್ 0.15 ಮಿಲಿಮೀಟರ್ ಬಾಗಿತ್ತು. ಕಾರಣ ಹುಡುಕಲು ಎರಡು ದಿನ ಕೂತೆವು. ರೇಡಿಯೇಟರ್ ಹಳೆಯದೇ, ಟರ್ಬೊ ಇಲ್ಲದ ಎಂಜಿನ್ನಿಗೆಂದು ಮಾಡಿದ, ನೀರಿನ ಕೊಳವೆಗಳ ಎರಡು ಸಾಲಿನ ಕೋರ್. ಭಾರ ಎಳೆಯುವಾಗ ಟರ್ಬೊ ಎಂಜಿನ್ ಹೆಚ್ಚು ಡೀಸೆಲ್ ಉರಿಸುತ್ತದೆ, ಹಾಗೆಯೇ ಹೆಚ್ಚು ಶಾಖವನ್ನು ನೀರಿಗೆ ಕೊಡುತ್ತದೆ. ಹೊಸ ಎಂಜಿನ್ನಿನ ಫ್ಯಾನ್ ರೇಡಿಯೇಟರಿನಿಂದ ಏಳು ಸೆಂಟಿಮೀಟರ್ ದೂರದಲ್ಲಿ, ನಾಲ್ಕು ಸೆಂಟಿಮೀಟರ್ ಕೆಳಗಿತ್ತು. ಸುತ್ತಲಿನ ತಗಡಿನ ಗೂಡನ್ನು ಹೊಂದುವುದಿಲ್ಲವೆಂದು ಬಿಟ್ಟಿದ್ದರು. ಹೀಗಾಗಿ ಫ್ಯಾನ್ ಎಳೆದದ್ದರಲ್ಲಿ ಅರ್ಧ ಅಕ್ಕಪಕ್ಕದ ಬಿಸಿಗಾಳಿ. ಅಂದಿನ ಗಾಳಿಯೂ ನಮಗೆ ಎದುರಾಗಿತ್ತು, ಎದುರು ಬೀಸದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುವ ಮುಂಗಾರಿನ ಪಡುಗಾಳಿ ಹಿರಿಯೂರಿನ ದಾರಿ ಹಿಡಿದವನಿಗೆ ಬೆನ್ನಿನಿಂದ ಬೀಸುತ್ತದೆ. ವಾಹನದ ವೇಗದಿಂದ ರೇಡಿಯೇಟರಿಗೆ ನುಗ್ಗಬೇಕಾದ ಗಾಳಿಯನ್ನು ಅದು ಅಷ್ಟು ಕಳೆಯುತ್ತದೆ.

ಇಷ್ಟಾದರೂ ಮುಳ್ಳು ನಿಜ ಹೇಳಿದ್ದರೆ ಹುಡುಗ ಅರ್ಧ ಗಂಟೆ ಮೊದಲೇ ನಿಲ್ಲಿಸುತ್ತಿದ್ದ, ಗ್ಯಾಸ್ಕೆಟ್ ಉಳಿಯುತ್ತಿತ್ತು. ಗ್ಯಾರೇಜಿನ ಪಕ್ಕದ ಚಹಾ ಅಂಗಡಿಯಿಂದ ಪಾತ್ರೆ ತಂದು ನೀರು ಕುದಿಸಿದೆವು. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಹೊಸ ಎಂಜಿನ್ನಿನ ಟೆಂಪರೇಚರ್ ಸೆನ್ಸರನ್ನು ಕುದಿಯುವ ನೀರಿನಲ್ಲಿ ಇಳಿಬಿಟ್ಟು, ತಂತಿ ಎಳೆದು ಡ್ಯಾಶ್‌ಬೋರ್ಡಿನ ಹಳೆಯ ಮೀಟರಿಗೆ ಕೊಟ್ಟೆವು. ಮುಳ್ಳು ಅರ್ಧಕ್ಕೆ ಬಂದು ನಿಂತಿತು. ಹಳೆಯ ಎಂಜಿನ್ನಿನ ಸೆನ್ಸರನ್ನು ಇಳಿಬಿಟ್ಟಾಗ ಕೆಂಪು ಗೆರೆಯ ಅಂಚಿಗೆ ಹೋಯಿತು. ಅಷ್ಟೇ ಬಿಸಿಯಲ್ಲಿ ಹೊಸ ಸೆನ್ಸರಿನ ವಿದ್ಯುತ್ ರೋಧ ಹಳೆಯದರ ಸುಮಾರು ಎರಡರಷ್ಟಿತ್ತು. ಬಿಸಿಯಾದಷ್ಟೂ ರೋಧ ಇಳಿಯುವ ಸೆನ್ಸರ್ ಅದು. ರೋಧ ಹೆಚ್ಚಿದೆ ಎಂದರೆ ಮೀಟರಿಗೆ ಎಂಜಿನ್ ತಂಪಾಗಿದೆ ಎಂದೇ ಅರ್ಥ. ಎರಡೂ ಬಗೆಯ ಸೆನ್ಸರಿಗೆ ಇರುವುದು ಒಂದೊಂದೇ ತಂತಿ. ಎಲೆಕ್ಟ್ರಿಷಿಯನ್ ತಂತಿ ಚುಚ್ಚಿದರು, ಮುಳ್ಳು ಅಲುಗಿತು, ಕೆಲಸ ಮುಗಿಯಿತು ಎಂದುಕೊಂಡೆವು. ಆ ಪಾತ್ರೆಯ ಸುತ್ತ ನಿಂತಿದ್ದ ಐವರಲ್ಲಿ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ತಿದ್ದುಪಡಿ ಮತ್ತು ಲೆಕ್ಕ

ಲೇತಿನಲ್ಲಿ ಹಿತ್ತಾಳೆಯ ಬುಷ್ ಕಡೆದು ಹಳೆಯ ಸೆನ್ಸರನ್ನೇ ಹೊಸ ಹೆಡ್ಡಿಗೆ ಕೂರಿಸಿದೆವು, ಅದರ ತುದಿ ನೀರಿನಲ್ಲಿ ಮುಳುಗಿರುವಂತೆ ನೋಡಿಕೊಂಡು. ಮೂರು ಸಾಲಿನ ಕೋರ್ ಹಾಕಿಸಿದೆವು, ಫ್ಯಾನ್ ಸುತ್ತ ತಗಡಿನ ಗೂಡು ಕಟ್ಟಿಸಿದೆವು. ಹೆಡ್ ಫೇಸಿಂಗ್ ಮಾಡಿಸಿ ಹೊಸ ಗ್ಯಾಸ್ಕೆಟ್ ಬಿಗಿದೆವು. ಈ ಬಾರಿ ಪರೀಕ್ಷೆಗೆ ಕಲ್ಲು ಹೇರಿಕೊಂಡು ಚಿತ್ರದುರ್ಗಕ್ಕೆ ಹೋಗಿ ಬಂದೆವು.

ಒಟ್ಟು ಖರ್ಚು 1,52,000 ರೂಪಾಯಿ. ಎಂಜಿನ್ ಮತ್ತು ಗೇರ್‌ಬಾಕ್ಸ್ 64,000. ಪಂಪ್-ನಾಜಲ್, ಸೀಲು, ಕ್ಲಚ್ 21,000. ಮೌಂಟಿಂಗ್, ಶಾಫ್ಟ್, ಲೇತ್ 19,000. ರೇಡಿಯೇಟರ್ ಮತ್ತು ಅದರ ಪರಿವಾರ 13,500. ತಂತಿ, ಬ್ಯಾಟರಿ 6,500. ಕಾಗದಪತ್ರ, ವಿಮೆ 4,000. ಉಳಿದ 24,000 ಹೆದ್ದಾರಿಯ ಆ ಮಧ್ಯಾಹ್ನದ ಬೆಲೆ: ಎಳೆದು ತಂದದ್ದು, ಮಾಲು ಸಾಗಿಸಿದ ಬೇರೆ ವಾಹನ, ಹೆಡ್ಡಿನ ಕೆಲಸ. ಮೊದಲು ಹಾಕಿದ್ದ ಅಂದಾಜು 85,000. ಮೊದಲೆರಡು ಬಾಬಿಗೆ ಅದು ಸರಿಹೋಯಿತು. ಎಂಜಿನ್ ಕೊಳ್ಳುವುದಕ್ಕಷ್ಟೇ ಲೆಕ್ಕ ಹಾಕಿ, ಅದು ಹೊಸ ಮನೆಯಲ್ಲಿ ಬಾಳುವುದಕ್ಕೆ ಹಾಕಿರಲಿಲ್ಲ. ಹಳೆಯ ಎಂಜಿನ್, ಗೇರ್‌ಬಾಕ್ಸ್ ಮಾರಿ 14,000 ಬಂತು.

ಮೈಲೇಜ್ ಭಾರದಲ್ಲಿ 10.8ಕ್ಕೆ ನಿಂತಿತು. ತಿಂಗಳಿಗೆ 1,500 ಕಿಲೋಮೀಟರ್ ಓಟಕ್ಕೆ 28 ಲೀಟರ್ ಉಳಿತಾಯ. ಲೀಟರಿಗೆ ಆಗಿನ 60 ರೂಪಾಯಿಯಂತೆ 1,680. ಹಳೆಯದನ್ನೇ ಕಟ್ಟಿಸಿದ್ದರೆ ಆಗುತ್ತಿದ್ದ 72,000ಕ್ಕೂ, ಮಾರಿ ಬಂದ 14,000 ಕಳೆದ ಈ ಖರ್ಚಿಗೂ ಇರುವ 66,000ದ ಅಂತರ ತುಂಬಲು ಮೂರು ವರ್ಷ ಮೂರು ತಿಂಗಳು. ಹೆಡ್ ಗ್ಯಾಸ್ಕೆಟ್ ಹೋಗದಿದ್ದರೆ ಎರಡು ವರ್ಷ ಒಂದು ತಿಂಗಳು. ಬರೀ ಡೀಸೆಲ್ ಉಳಿಸಲು ಎಂಜಿನ್ ಬದಲಾಯಿಸುತ್ತೇನೆ ಎಂದು ಬರುವವರ ಮುಂದೆ ಈ ಅಂಕಿಗಳನ್ನು ಇಡುತ್ತೇನೆ. ಯಜಮಾನರ ಮಟ್ಟಿಗೆ ಇದು ಸರಿಯಾದ ನಿರ್ಧಾರವೇ ಆಗಿತ್ತು ಎನ್ನುತ್ತೇನೆ, ಕಾರಣ ಮೈಲೇಜ್ ಅಲ್ಲ: ಮೂರನೇ ಗ್ರೈಂಡಿನ ಕ್ರ್ಯಾಂಕ್ ನಂಬಿ ಈರುಳ್ಳಿ ಕಾಲದಲ್ಲಿ ಬೆಂಗಳೂರಿನ ದಾರಿ ಹಿಡಿಯುವಂತಿರಲಿಲ್ಲ. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷ ಎಫ್‌ಸಿ, ಅಂದರೆ ಓಡಲು ಯೋಗ್ಯವೆಂಬ ಪ್ರಮಾಣಪತ್ರ, ಆಗಬೇಕು. ಮುಂದಿನ ಎರಡೂ ವರ್ಷ ಹೊಗೆ, ಬ್ರೇಕ್ ಎರಡರಲ್ಲೂ ತೊಡಕಿಲ್ಲದೆ ಆಯಿತು.

ಆ ಬಳಿಕ ಕಾನೂನಿನ ಹಿಡಿತ ಬಿಗಿಯಾಗಿದೆ. ತಯಾರಕರ ಮೂಲ ವಿವರಕ್ಕೆ ಭಿನ್ನವಾಗುವ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬದಲಾದ 182ಎ ಸೆಕ್ಷನ್, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡನ್ನೂ ವಿಧಿಸಬಹುದು ಎನ್ನುತ್ತದೆ. ಈಗ ಯಾರಾದರೂ ಕೇಳಿದರೆ ಗುಜರಿಗೆ ಹೋಗುವ ಮುನ್ನ ಆರ್‌ಟಿಒ ಕಚೇರಿಗೆ ಹೋಗಿ, ಆಗದು ಎಂದರೆ ಅಲ್ಲಿಗೇ ಬಿಡಿ ಎನ್ನುತ್ತೇನೆ.

ನನ್ನ ಪಾಠದ ಕ್ರಮವೂ ಬದಲಾಗಿದೆ. ಮೊದಲು ಎಂಜಿನ್, ಕ್ಲಚ್, ಕೂಲಿಂಗ್, ಎಲೆಕ್ಟ್ರಿಕಲ್ ಎಂದು ಒಂದೊಂದನ್ನೇ ಬಿಡಿಯಾಗಿ ಹೇಳಿಕೊಡುತ್ತಿದ್ದೆ. ಈಗ ಒಂದು ದೊಡ್ಡ ಹಾಳೆಯ ಎಡಕ್ಕೆ ಹಳೆಯ ವಾಹನ, ಬಲಕ್ಕೆ ಹೊಸ ಎಂಜಿನ್ ಬರೆಸಿ, ಎರಡರ ನಡುವೆ ದಾಟುವ ಪ್ರತಿ ಕೊಳವೆ, ತಂತಿ, ಕೇಬಲ್, ಬೋಲ್ಟಿಗೆ ಗೆರೆ ಎಳೆಸುತ್ತೇನೆ. ಈ ವಾಹನದಲ್ಲಿ ಅಂತಹ ಗೆರೆಗಳು ಮೂವತ್ತೊಂದು. ಪ್ರತಿ ಗೆರೆಯ ಮೇಲೂ ಪರೀಕ್ಷಿಸಿದವರ ಹೆಸರು ಬರೆಯಬೇಕು. ಹೆಸರಿಲ್ಲದ ಗೆರೆ ಉಳಿದರೆ ವಾಹನ ಅಂಗಳ ಬಿಡುವಂತಿಲ್ಲ. ಮೇಸ್ತ್ರಿಯೂ ಅದೇ ಹಾಳೆಯ ಪ್ರತಿಯೊಂದನ್ನು ಗ್ಯಾರೇಜಿನ ಗೋಡೆಗೆ ಅಂಟಿಸಿಕೊಂಡಿದ್ದಾರೆ. ಹದಿನೇಳನೇ ಗೆರೆ ಟೆಂಪರೇಚರ್ ಸೆನ್ಸರಿನದು. ಅದರ ಎದುರಿಗೆ ಹೆಸರು ಬರೆಯುವ ಮುನ್ನ ನೀರು ಕುದಿಸಬೇಕು.